ಬೀದಿಯ ಚಿತ್ರ, ಬೀದಿಯ ಕಲ್ಲು

ಬೀದಿಚಿತ್ರಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಪರಿಪಾಠ ಈಗ ಬೆಂಗಳೂರಿಗೂ ಬಂದಿದೆ. ತೋರಿಸುವವರು ಸಾಮಾನ್ಯವಾಗಿ ಈಚಿನ ಗೋಡೆಚಿತ್ರಗಳಿಂದ ಆರಂಭಿಸುತ್ತಾರೆ. ಆದರೆ ಹೊರಮಾವಿನಿಂದ ವರ್ತುಲ ರಸ್ತೆ ಹಿಡಿದು ಪಶ್ಚಿಮಕ್ಕೆ ಹೆಬ್ಬಾಳದವರೆಗೆ ಹೋದರೆ ಈ ಕಥೆ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಸರಿಯುತ್ತದೆ.

2018ರಲ್ಲಿ ಅಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಅದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ನಾಡಿನ ಮೇಲೆ ದಾಳಿಯಾದಾಗ ಕಾದಾಡಿ ಮಡಿದ ಕಿತ್ತಯ್ಯನ ಆಕೃತಿ ಅದರಲ್ಲಿದೆ. ಜೊತೆಗೆ ಕನ್ನಡ ಬರಹವಿದೆ, ಹೆಬ್ಬಾಳದ ಹಳೆಯ ಹೆಸರೂ ಇದೆ. ಊರಿಗಾಗಿ ಸತ್ತವನನ್ನು ಊರು ಮರೆಯದಿರಲೆಂದು ನಿಲ್ಲಿಸಿದ ಕಲ್ಲು ಅದು.

ಅಲ್ಲಿಗೆ ಸಮೀಪದ ಸುಲ್ತಾನ್‌ಪಾಳ್ಯದಲ್ಲಿ 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ರಸ್ತೆಯ ಗುಂಡಿಯೊಂದನ್ನು ಕೊಳವಾಗಿಸಿ, ಸುಮಾರು 20 ಕಿಲೋ ತೂಕದ ಮೊಸಳೆಯೊಂದನ್ನು ಅದರಲ್ಲಿ ಮಲಗಿಸಿದರು. ನೋಡಲು ಜನ ನೆರೆದರು; ಕೆಲವೇ ದಿನಗಳಲ್ಲಿ ಗುಂಡಿ ಮುಚ್ಚಿತು. ಆ ಕೃತಿಯ ಗೆಲುವೇ ಅದರ ಅಂತ್ಯವಾಯಿತು.

ಮೊಸಳೆ ಹೋದರೆ ನಷ್ಟವಿಲ್ಲ, ಬಂದ ಕೆಲಸ ಮುಗಿಸಿತು. ಕಲ್ಲಿನ ಕೆಲಸ ಮಾತ್ರ ಮುಗಿಯುವಂಥದಲ್ಲ. ಹೊರಮಾವಿನಂಥ ಹಳ್ಳಿಗಳು ಬಡಾವಣೆಗಳಾಗಿರುವ ಈ ದಿನಗಳಲ್ಲಿ ಗುದ್ದಲಿ ಹಿಡಿದವನೂ ಗುತ್ತಿಗೆ ಹಿಡಿದವನೂ ಕಲ್ಲಿನ ಮೇಲಿನ ಗೆರೆಯನ್ನು ಕಂಡೊಡನೆ ಕೈ ತಡೆಯಬೇಕು. ಇಲ್ಲವಾದರೆ ಇನ್ನೊಬ್ಬ ಕಿತ್ತಯ್ಯ ತಳಪಾಯದ ಜಲ್ಲಿಯಾಗಿ ಹೋದಾನು.