ಕೃತಿಸ್ವಾಮ್ಯದ ಅರ್ಹತೆ: ಬೆಳಗಾವಿ ಸೀಮೆಯ ಆಟ, ಹಾಡುಗಳಲ್ಲಿ

ಯಾವ ರಚನೆಗೆ ಕೃತಿಸ್ವಾಮ್ಯ ಸಲ್ಲುತ್ತದೆ ಎಂಬುದರ ಇತಿಹಾಸವನ್ನು ಅಚ್ಚಾದ ಪುಸ್ತಕದಿಂದ ಆರಂಭಿಸುವುದು ರೂಢಿ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಸೀಮೆಗೆ ಈ ಆರಂಭ ಒಪ್ಪುವುದಿಲ್ಲ. ಇಲ್ಲಿನ ಸಣ್ಣಾಟ, ಲಾವಣಿ, ಗೀಗೀ ಪದಗಳು ಮೇಳದ ಬಾಯಲ್ಲಿ ಬೆಳೆದು, ಮಾಸ್ತರರ ವಹಿಗೆ ಇಳಿದು, ಬಹುಕಾಲದ ಮೇಲೆ ಅಚ್ಚು ಕಂಡವು. ಇವುಗಳ ಅರ್ಹತೆಗೆ ಸ್ವಂತಿಕೆಯ ಕೊರತೆ ಅಡ್ಡಬಂದದ್ದು ಕಡಿಮೆ. ಬರಹದ ರೂಪ ಮತ್ತು ಕರ್ತೃವಿನ ಹೆಸರು, ಇವೆರಡರ ಗೊಂದಲವೇ ದೊಡ್ಡ ತೊಡಕಾಯಿತು.

ಕಂಪನಿ ಸರ್ಕಾರದ 1847ರ ಕಾನೂನಿನಲ್ಲಿ ಪುಸ್ತಕ ನೋಂದಣಿಯಾಗದೆ ದಾವೆ ಹೂಡುವಂತಿರಲಿಲ್ಲ. 1914ರ ಕಾನೂನು ಆ ಕಟ್ಟನ್ನು ಸಡಿಲಿಸಿತು. ಆದರೆ ಅದು ಬ್ರಿಟಿಷ್ ಭಾರತದ ಕಾನೂನು. ಬೈಲಹೊಂಗಲ ಮುಂಬೈ ಪ್ರಾಂತ್ಯದಲ್ಲಿದ್ದರೆ, ರಾಮದುರ್ಗ 1948ರಲ್ಲಿ ವಿಲೀನವಾಗುವವರೆಗೂ ಸಂಸ್ಥಾನವಾಗಿತ್ತು. ಒಂದೇ ಆಟ ಎರಡು ಆಡಳಿತಗಳ ನೆಲದಲ್ಲಿ ತಿರುಗುತ್ತಿದ್ದುದನ್ನು ಸಾಮಾನ್ಯ ಇತಿಹಾಸಗಳು ಲೆಕ್ಕಕ್ಕೆ ಹಿಡಿದಿಲ್ಲ. 1958ರ ಜನವರಿಯಲ್ಲಿ ಜಾರಿಗೆ ಬಂದ 1957ರ ಅಧಿನಿಯಮ ಇಡೀ ದೇಶಕ್ಕೆ ಒಂದೇ ನಿಯಮ ತಂದಿತು. ಅದರಲ್ಲಿಯೂ ನೋಂದಣಿ ಐಚ್ಛಿಕ; ರಚನೆ ಸ್ವಂತದ್ದಾಗಿದ್ದರೆ ಹಕ್ಕು ತಾನಾಗಿ ಹುಟ್ಟುತ್ತದೆ.

ಜನಪದ ಕೃತಿ ಯಾರೊಬ್ಬರದೂ ಅಲ್ಲ, ಆದ್ದರಿಂದ ಅದಕ್ಕೆ ಸ್ವಾಮ್ಯದ ಮಾತೇ ಬರದು ಎಂಬ ವಾದವುಂಟು. ತಲೆಮಾರುಗಳಿಂದ ಹರಿದುಬಂದ ಕಥೆಯ ಮಟ್ಟಿಗೆ ಅದು ನಿಜ. ಕಥಾವಸ್ತುವಿಗೆ ರಕ್ಷಣೆಯಿಲ್ಲ, ಅದನ್ನು ಹೇಳಿದ ರೂಪಕ್ಕಷ್ಟೇ ಎಂದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರ ಕಥೆ ಬೇರೆ, ಅದನ್ನು ಪದ, ಮಾತು, ಸನ್ನಿವೇಶಗಳಾಗಿ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಬೇರೆ. ಈ ಆಟವನ್ನು ಪತ್ತಾರ ಮಾಸ್ತರರ ರಚನೆ ಎಂದು ಗುರುತಿಸುತ್ತಾರೆ. ಅದರ ಪಠ್ಯವನ್ನು ಚಂದ್ರಶೇಖರ ಕಂಬಾರರು ಸಂಪಾದಿಸಿದರು. ಕರ್ತೃವಿನ ಹೆಸರು ಹಿಂದೆ ಸರಿದು ‘ಜನಪದ’ ಎಂಬ ಪಟ್ಟಿ ಮುಂದೆ ಬಂದರೆ ಅದು ವರ್ಗೀಕರಣದ ದೋಷ, ಕಾನೂನಿನದಲ್ಲ. ಹೆಸರು ತಿಳಿಯದಿದ್ದರೂ ಅರ್ಹತೆ ಅಳಿಯದು: ಅನಾಮಧೇಯ ಕೃತಿಗೆ ಪ್ರಕಟಣೆಯಿಂದ 60 ವರ್ಷ ರಕ್ಷಣೆಯಿದೆ.

ಸಂಪಾದಕರ ಪಾಲೆಷ್ಟು ಎಂಬುದಕ್ಕೆ ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಮೋದಕ್ ಪ್ರಕರಣದ 2007ರ ತೀರ್ಪು ಅಳತೆ ಕೊಡುತ್ತದೆ. ಬರಿಯ ಶ್ರಮ ಸಾಲದು, ಕನಿಷ್ಠ ಸೃಜನಶೀಲತೆ ಬೇಕು ಎಂದಿತು ಅದು. ಹಾಗೆ ನೋಡಿದರೆ ಮುನ್ನುಡಿ, ಟಿಪ್ಪಣಿ, ವಿವೇಚನೆಯಿಂದ ಮಾಡಿದ ಜೋಡಣೆ ಸಂಪಾದಕರದು. ವಹಿಯಿಂದ ಇದ್ದಂತೆ ಇಳಿಸಿಕೊಂಡ ಪದಗಳು ಅವರದಲ್ಲ.

ಧಾಟಿಗಳ ವಿಷಯದಲ್ಲಿ ಅನ್ಯಾಯ ಕಾನೂನಿನಲ್ಲಿಯೇ ಇತ್ತು. 1994ರ ತಿದ್ದುಪಡಿಯವರೆಗೆ ಸ್ವರಲಿಪಿಯಲ್ಲಿ ಬರೆದಿಟ್ಟ ಸಂಗೀತ ಮಾತ್ರ ‘ಸಂಗೀತ ಕೃತಿ’. ಸಂಗೊಳ್ಳಿ ರಾಯಣ್ಣನ ಮೇಲೆ ಹೊಸ ಧಾಟಿ ಕಟ್ಟಿದ ಗೀಗೀ ಗಾಯಕ, ಅದನ್ನು ಬರೆದಿಡದಿದ್ದರೆ, ಆ ಧಾಟಿಯ ಕರ್ತೃವಾಗುತ್ತಿರಲಿಲ್ಲ. ತಿದ್ದುಪಡಿ ಈ ಷರತ್ತನ್ನು ತೆಗೆದು, ಹಾಡುಗಾರರಿಗೂ ಪ್ರದರ್ಶಕರ ಹಕ್ಕು ಕೊಟ್ಟಿತು. ನಾಟಕಕ್ಕೆ ಮಾತ್ರ, ಅಭಿನಯದ ರೂಪ ಬರಹದಲ್ಲಿಯೋ ಬೇರೆ ರೀತಿಯಲ್ಲಿಯೋ ನೆಲೆಗೊಂಡಿರಬೇಕೆಂಬ ನಿಯಮ ಉಳಿಯಿತು.

ಕರ್ನಾಟಕದಲ್ಲಿ ಈ ನಿಯಮ ಪರೀಕ್ಷೆಗೆ ಒಳಗಾದದ್ದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ವ್ಯಾಜ್ಯದಲ್ಲಿ. ಉಯಿಲಿನ ಮೂಲಕ ಹಕ್ಕು ಪಡೆದವರಿಗೂ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್‌ಗೂ ನಡೆದ ಆ ಪ್ರಕರಣದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಹಿತ್ಯ ಕೃತಿ ಓದಿಗೆ, ನಾಟಕ ಕೃತಿ ಪ್ರದರ್ಶನಕ್ಕೆ ಆಧಾರ ಎಂದು ಬೇರ್ಪಡಿಸಿ, ಪರಂಪರೆಯ ಕಲೆಗೆ ಕಾರಂತರು ಕೊಟ್ಟ ಹೊಸ ರೂಪಕ್ಕೆ ರಕ್ಷಣೆ ಎತ್ತಿಹಿಡಿಯಿತು. ಇಂಥ ಹಕ್ಕು ಊರಿನ ಆಟಗಳನ್ನು ನಿಲ್ಲಿಸೀತೆಂಬ ಆತಂಕಕ್ಕೆ 1957ರ ಅಧಿನಿಯಮದ 52ನೇ ಕಲಮು ಉತ್ತರಿಸುತ್ತದೆ: ಹವ್ಯಾಸಿ ಮೇಳ ಟಿಕೆಟ್ಟಿಲ್ಲದೆ, ಇಲ್ಲವೇ ಗುಡಿಯ ಸಹಾಯಾರ್ಥ ಆಡಿದರೆ ಅದು ಉಲ್ಲಂಘನೆಯಲ್ಲ.