ಯಮವೋ ನಿಯಮವೋ: ಸಾಮಾಜಿಕ ಜಾಲತಾಣಗಳನ್ನು ಶಾಶ್ವತವಾಗಿ ತೊರೆಯುವ ನಿರ್ಧಾರ

ಫೇಸ್‌ಬುಕ್ ಬಿಡಲು ಹೊರಟವರಿಗೆ ಎರಡು ದಾರಿಗಳಿವೆ. ಖಾತೆಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಬಹುದು, ಇಲ್ಲವೇ ಪೂರ್ತಿ ಅಳಿಸಬಹುದು. ಅಳಿಸಲು ಕೋರಿದರೂ ಖಾತೆ ಆ ಕ್ಷಣವೇ ಹೋಗುವುದಿಲ್ಲ. 30 ದಿನಗಳ ಕಾಯುವ ಅವಧಿಯಿದೆ. ಅಷ್ಟರೊಳಗೆ ಮನಸ್ಸು ಬದಲಾಗಿ ಲಾಗಿನ್ ಆದರೆ ಕೋರಿಕೆಯನ್ನು ರದ್ದು ಮಾಡಬಹುದು. 2018ರವರೆಗೆ ಈ ಅವಧಿ 14 ದಿನಗಳದ್ದಾಗಿತ್ತು, ಆ ವರ್ಷ ಅದನ್ನು ಇಮ್ಮಡಿಗಿಂತ ಹೆಚ್ಚು ಮಾಡಲಾಯಿತು. ಅವಧಿ ಮುಗಿದ ಮೇಲೂ ಕಂಪನಿಯ ಸಂಗ್ರಹಗಳಿಂದ ಎಲ್ಲವೂ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು. ಗೆಳೆಯರಿಗೆ ಕಳಿಸಿದ ಸಂದೇಶಗಳು ಆಮೇಲೂ ಅವರ ಬಳಿ ಉಳಿಯುತ್ತವೆ. ಬಿಟ್ಟುಹೋಗುವ ಬಾಗಿಲನ್ನು ಕಟ್ಟಿದವರು ಮರಳಿ ಬರುವ ಬಾಗಿಲನ್ನು ಇನ್ನಷ್ಟು ಅಗಲ ಮಾಡಿಟ್ಟಿದ್ದಾರೆ ಎಂಬುದನ್ನು ಈ ವಿಷಯದ ಯಾವ ಚರ್ಚೆಯೂ ಮರೆಯಬಾರದು.

ಬಿಡುವುದು ಎಂದೊಡನೆ ಎಷ್ಟು ಕಾಲ ಎಂಬ ಪ್ರಶ್ನೆ ಏಳುತ್ತದೆ. ಕರ್ನಾಟಕದಲ್ಲಿ ಆಳವಾಗಿ ಬೇರೂರಿದ ಒಂದು ಪರಂಪರೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಸೂಕ್ಷ್ಮವಾಗಿ ಆಲೋಚಿಸಿದೆ. ದಿಗಂಬರ ಜೈನ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥರ ನಡೆನುಡಿಗೆ ಮೀಸಲಾದ ಗ್ರಂಥ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನು ನಿರೂಪಿಸುವಾಗ ಅದು ತ್ಯಾಗವನ್ನು ಎರಡಾಗಿ ವಿಂಗಡಿಸುತ್ತದೆ. ಗೊತ್ತಾದ ಕಾಲಮಿತಿಯಲ್ಲಿ ಬಿಡುವುದು ನಿಯಮ, ಬದುಕಿರುವವರೆಗೆ ಬಿಡುವುದು ಯಮ. ನಿಯಮದ ಕಾಲಮಿತಿಗಳನ್ನೂ ಗ್ರಂಥ ಹೆಸರಿಸುತ್ತದೆ: ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ. ಬಿಡಬಹುದಾದ ವಸ್ತುಗಳ ಪಟ್ಟಿಯಲ್ಲಿ ಊಟ, ವಾಹನ, ಹಾಸಿಗೆ, ತಾಂಬೂಲ, ಒಡವೆಗಳ ಜೊತೆಗೆ ಸಂಗೀತವೂ ಇದೆ. ಇವು ಪಾಪದ ವಸ್ತುಗಳೆಂಬ ಕಾರಣಕ್ಕೆ ಪಟ್ಟಿ ಸೇರಿದವಲ್ಲ. ನ್ಯಾಯವಾಗಿ ಬಳಸಬಹುದಾದವುಗಳ ಮೇಲೂ ಆಸಕ್ತಿ ಬಲಿಯದಿರಲಿ ಎಂಬುದು ವ್ರತದ ಉದ್ದೇಶ. ಸಾಮಾಜಿಕ ಜಾಲತಾಣಗಳ ಚರ್ಚೆಗೆ ಈ ಚೌಕಟ್ಟನ್ನು ನಾನು ಆರಿಸಿಕೊಂಡಿರುವುದು ಇದೇ ಕಾರಣಕ್ಕೆ. ಜಾಲತಾಣವನ್ನು ವಿಷವೆಂದೂ ವ್ಯಸನವೆಂದೂ ಕರೆದುಬಿಟ್ಟರೆ ಬಿಡುವುದೊಂದೇ ಉತ್ತರವಾಗುತ್ತದೆ, ಯೋಚಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಉಪಭೋಗವೆಂದು ಕಂಡರೆ ಅಳತೆ, ಅವಧಿ, ಹೊಣೆಗಳ ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ನನ್ನ ವಾದ ಇಷ್ಟು. ಶಾಶ್ವತವಾಗಿ ಬಿಡಬೇಕೇ ಎಂಬುದನ್ನು ಜಾಲತಾಣದ ಒಳಗಿದ್ದುಕೊಂಡು ತೀರ್ಮಾನಿಸಬಾರದು. ಒಂದು ನಿಯಮದ ಅವಧಿಯನ್ನು ಹೊರಗೆ ಕಳೆದು, ಆ ಅವಧಿಯ ಕೊನೆಯಲ್ಲಿ ತೀರ್ಮಾನಿಸಬೇಕು. ಸಾಧ್ಯವಿದ್ದಷ್ಟೂ ಅದನ್ನು ಒಬ್ಬರೇ ಮಾಡಬಾರದು.

ಮೊದಲ ಮಾತಿಗೆ ಆಧಾರ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗ. ಹಂಟ್ ಆಲ್ಕಾಟ್, ಲೂಕಾ ಬ್ರಾಗಿಯೇರಿ, ಸಾರಾ ಐಖ್‌ಮೇಯರ್, ಮ್ಯಾಥ್ಯೂ ಜೆಂಟ್ಸ್‌ಕೊ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು 2018ರ ಮಧ್ಯಂತರ ಚುನಾವಣೆಗೆ ಮುಂಚಿನ ನಾಲ್ಕು ವಾರ ಫೇಸ್‌ಬುಕ್ ಬಳಕೆದಾರರಲ್ಲಿ ಲಾಟರಿಯಿಂದ ಆಯ್ದ ಒಂದು ಗುಂಪಿನ ಖಾತೆಗಳನ್ನು ನಿಷ್ಕ್ರಿಯವಾಗಿಡಿಸಿದರು. ಅದಕ್ಕೆ ಪ್ರತಿಯಾಗಿ ಒಬ್ಬೊಬ್ಬರಿಗೆ 102 ಡಾಲರ್ ಕೊಟ್ಟರು. ಫಲಿತಾಂಶ 2020ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫೇಸ್‌ಬುಕ್ ಬಿಟ್ಟವರಿಗೆ ಸರಾಸರಿ ದಿನಕ್ಕೆ 60 ನಿಮಿಷ ಉಳಿಯಿತು. ಆ ಸಮಯ ಬೇರೆ ಜಾಲತಾಣಗಳ ಪಾಲಾಗಲಿಲ್ಲ. ಒಬ್ಬರೇ ಕೂತು ಟಿವಿ ನೋಡುವುದು, ಮನೆಯವರ ಮತ್ತು ಗೆಳೆಯರ ಜೊತೆ ಕಳೆಯುವ ಹೊತ್ತು, ಎರಡೂ ಹೆಚ್ಚಾದವು. ರಾಜಕೀಯ ಧ್ರುವೀಕರಣ ಕಡಿಮೆಯಾಯಿತು. ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. ಮನಸ್ಸಿನ ನೆಮ್ಮದಿ ಪ್ರಮಾಣಿತ ವಿಚಲನೆಯ 0.09ರಷ್ಟು ಏರಿತು. ಇದು ನಿಜವಾದ ಏರಿಕೆ, ಆದರೆ ಸಣ್ಣ ಏರಿಕೆ. 2020ರ ಅಧ್ಯಕ್ಷೀಯ ಚುನಾವಣೆಯ ಸಂದರ್ಭದಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನ ಸುಮಾರು 35,000 ಬಳಕೆದಾರರ ಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲೂ ಕಂಡ ಸುಧಾರಣೆ ಇಷ್ಟೇ ಸಣ್ಣದು. ಜಾಲತಾಣ ಬಿಟ್ಟೊಡನೆ ಬದುಕು ಬೆಳಗುತ್ತದೆ ಎಂದು ಬರೆಯುವವರು ಈ ಅಂಕಿಗಳ ಮುಂದೆ ದನಿ ತಗ್ಗಿಸಬೇಕಾಗುತ್ತದೆ.

ಆದರೆ ಮೊದಲ ಪ್ರಯೋಗದ ನಿಜವಾದ ತಿರುಳು ನೆಮ್ಮದಿಯ ಅಂಕಿಯಲ್ಲಿಲ್ಲ. ಪ್ರಯೋಗಕ್ಕೆ ಮುನ್ನ ಬಳಕೆದಾರರನ್ನು, ನಾಲ್ಕು ವಾರ ಫೇಸ್‌ಬುಕ್ ಬಿಡಲು ನಿಮಗೆಷ್ಟು ಹಣ ಬೇಕು ಎಂದು ಕೇಳಲಾಗಿತ್ತು. ನಡುಮಟ್ಟದ ಉತ್ತರ ಸುಮಾರು 100 ಡಾಲರ್. ನಾಲ್ಕು ವಾರ ಹೊರಗಿದ್ದು ಬಂದವರನ್ನು ಅದೇ ಪ್ರಶ್ನೆ ಕೇಳಿದಾಗ, ಬಿಡದೇ ಇದ್ದವರಿಗಿಂತ ಅವರು ಹೇಳಿದ ಬೆಲೆ ಇಳಿದಿತ್ತು. ಪ್ರಯೋಗ ಮುಗಿದ ಮೇಲೆ ಮರಳಲು ಯಾವ ಅಡ್ಡಿಯೂ ಇರಲಿಲ್ಲ, ಹೆಚ್ಚಿನವರು ಮರಳಿದರು. ಆದರೂ ಅವರ ಬಳಕೆ ವಾರಗಟ್ಟಲೆ ಐದನೇ ಒಂದು ಪಾಲಿಗಿಂತ ಹೆಚ್ಚು ತಗ್ಗಿಯೇ ಇತ್ತು. ಒಳಗಿರುವಾಗ ನಾವು ಅದಕ್ಕೆ ಕಟ್ಟುವ ಬೆಲೆಯಲ್ಲಿ ಒಂದು ಪಾಲು ಅಭ್ಯಾಸದ ಬಲದಿಂದ ಬಂದದ್ದು, ಆ ಪಾಲು ಹೊರಗೆ ನಿಂತಾಗ ಮಾತ್ರ ಕಳಚುತ್ತದೆ ಎಂದು ನಾನಿದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಆಲ್ಕಾಟ್, ಜೆಂಟ್ಸ್‌ಕೊ ಮತ್ತು ಲೆನಾ ಸಾಂಗ್ 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಈ ಓದಿಗೆ ಒತ್ತಾಸೆಯಾಗಿದೆ: ಅವರ ಲೆಕ್ಕದಲ್ಲಿ ಜಾಲತಾಣಗಳ ಬಳಕೆಯ ಶೇ. 31ರಷ್ಟಕ್ಕೆ ಆತ್ಮಸಂಯಮದ ಕೊರತೆಯೇ ಕಾರಣ. ಹಾಗಿರುವಾಗ ಒಳಗೆ ಕುಳಿತು ‘ಬಿಡಲಾರೆ’ ಎನ್ನುವವರ ಮಾತನ್ನೂ, ಒಂದು ಕೆಟ್ಟ ರಾತ್ರಿಯ ಸಿಟ್ಟಿನಲ್ಲಿ ‘ಇನ್ನೆಂದಿಗೂ ಬೇಡ’ ಎನ್ನುವವರ ಮಾತನ್ನೂ ಪಕ್ವ ತೀರ್ಮಾನವೆಂದು ಒಪ್ಪಲಾಗದು. ಮಾಸದ ನಿಯಮ ಇಬ್ಬರಿಗೂ ಬೇಕು.

ಬಿಟ್ಟವರಲ್ಲಿ ಯಾರು ಮರಳುತ್ತಾರೆ? 2014ರಲ್ಲಿ ನೆದರ್ಲೆಂಡ್ಸಿನ ಜಾಹೀರಾತು ಸಂಸ್ಥೆಯೊಂದು 99 ದಿನ ಫೇಸ್‌ಬುಕ್ ಬಿಡುವಂತೆ ಜಗತ್ತಿನ ಬಳಕೆದಾರರಿಗೆ ಕರೆಕೊಟ್ಟಿತ್ತು. ಸುಮಾರು ಏಳು ಲಕ್ಷ ಬಳಕೆದಾರರ ಭಾವನೆಗಳ ಮೇಲೆ ಅವರಿಗೆ ತಿಳಿಸದೆ ಫೇಸ್‌ಬುಕ್ ನಡೆಸಿದ ಪ್ರಯೋಗ ಆ ವರ್ಷ ಬಯಲಾಗಿದ್ದರಿಂದ ಹುಟ್ಟಿದ ಕರೆ ಅದು. ಸಹಿ ಹಾಕಿದವರ ಉತ್ತರಗಳನ್ನು ಎರಿಕ್ ಬೌಮರ್ ಮತ್ತು ಸಂಗಡಿಗರು ಪರಿಶೀಲಿಸಿದರು. ತಮಗೆ ಚಟ ಹಿಡಿದಿದೆ ಎಂದುಕೊಂಡವರು ಅವಧಿಗೆ ಮುಂಚೆಯೇ ಮರಳುವ ಸಾಧ್ಯತೆ ಹೆಚ್ಚಿತ್ತು. ತಮ್ಮ ಮೇಲೆ ಕಣ್ಣಿಡಲಾಗುತ್ತಿದೆ ಎಂಬ ಅರಿವಿದ್ದವರಲ್ಲಿ ಅದು ಕಡಿಮೆಯಿತ್ತು. ತನ್ನ ದೌರ್ಬಲ್ಯದ ಮೇಲಿನ ಬೇಸರದಿಂದ ಬಿಟ್ಟವರಿಗಿಂತ, ಆ ವ್ಯವಸ್ಥೆಯ ನಡತೆಯನ್ನು ತೂಗಿ ನೋಡಿ ಬಿಟ್ಟವರು ಗಟ್ಟಿಯಾಗಿ ನಿಲ್ಲುತ್ತಾರೆ ಎಂಬ ಸೂಚನೆ ಇಲ್ಲಿದೆ. ಜಾಲತಾಣ ತೊರೆಯುವ ಮಾತನ್ನು ನಾವು ಸಾಮಾನ್ಯವಾಗಿ ಸ್ವಂತ ಮನೋಬಲದ ಪರೀಕ್ಷೆಯಾಗಿ ಆಡುತ್ತೇವೆ. ಆ ರೂಢಿಯೇ ನಮ್ಮನ್ನು ಸೋಲಿಸುತ್ತಿದೆ ಎಂದು ನನಗೆ ತೋರುತ್ತದೆ.

ಮನೋಬಲದ ಭಾಷೆ ಸಾಲದು ಎನ್ನಲು ಇನ್ನೂ ಬಲವಾದ ಪುರಾವೆಯಿದೆ. ಲಿಯೊನಾರ್ಡೊ ಬರ್ಸ್‌ಟಿನ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಎರಡು ಬಗೆಯಲ್ಲಿ ಪ್ರಶ್ನಿಸಿದರು. ನಿಮ್ಮ ಬಳಗದವರು ಉಳಿದು ನೀವೊಬ್ಬರೇ ನಾಲ್ಕು ವಾರ ಬಿಡಬೇಕಾದರೆ ಎಷ್ಟು ಹಣ ಬೇಕು? ಟಿಕ್‌ಟಾಕ್‌ಗೆ 59 ಡಾಲರ್, ಇನ್‌ಸ್ಟಾಗ್ರಾಮ್‌ಗೆ 47 ಡಾಲರ್ ಎಂಬ ಉತ್ತರ ಬಂತು. ನೀವೂ ಸೇರಿ ಎಲ್ಲರೂ ಬಿಡುವುದಾದರೆ? ಲೆಕ್ಕ ತಲೆಕೆಳಗಾಯಿತು. ಹಾಗಾಗಲು ತಾವೇ ಹಣ ಕೊಡಲು ಅವರು ಸಿದ್ಧರಿದ್ದರು: ಟಿಕ್‌ಟಾಕ್‌ಗೆ 28 ಡಾಲರ್, ಇನ್‌ಸ್ಟಾಗ್ರಾಮ್‌ಗೆ 10 ಡಾಲರ್. ಇಲ್ಲದಿದ್ದರೇ ಚೆನ್ನ ಎಂದು ಬಹಳ ಮಂದಿ ಬಗೆಯುವ ವಸ್ತುವನ್ನು, ಉಳಿದವರು ಬಳಸುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಬಳಸುತ್ತಿದ್ದಾರೆ. ಇದನ್ನು ಸಂಶೋಧಕರು ಸಾಮೂಹಿಕ ಬೋನು ಎಂದು ವರ್ಣಿಸಿದ್ದಾರೆ. ಒಬ್ಬ ವಿದ್ಯಾರ್ಥಿನಿ ಇದರಿಂದ ಹೊರಬರಲಾರದೆ ಒದ್ದಾಡಿದರೆ ಅದು ಅವಳ ಸೋಲಲ್ಲ.

ಈ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಫೇಸ್‌ಬುಕ್ ನಿರಾಕರಿಸಿದವರನ್ನು ಅಧ್ಯಯನ ಮಾಡಿದ ಲಾರಾ ಪೋರ್ಟ್‌ವುಡ್-ಸ್ಟೇಸರ್, ಬಿಡುವುದೂ ಒಂದು ಪ್ರದರ್ಶನವಾಗಬಲ್ಲದು, ಮೇಲ್ಮೆಯ ಗುರುತಾಗಬಲ್ಲದು ಎಂದು ಎಚ್ಚರಿಸಿದ್ದಾರೆ. ಕನ್ನಡದ ಸಂದರ್ಭದಲ್ಲಿ ಈ ಎಚ್ಚರ ತೀರಾ ಅಗತ್ಯ. ಹೆಸರು ಮಾಡಿದ ಲೇಖಕರು ಫೇಸ್‌ಬುಕ್ ಬಿಟ್ಟರೆ ಕಳೆದುಕೊಳ್ಳುವುದು ಅಲ್ಪ. ಪತ್ರಿಕೆಗಳೂ ವೇದಿಕೆಗಳೂ ಅವರನ್ನು ಹುಡುಕಿಕೊಂಡು ಬರುತ್ತವೆ. ಮೊದಲ ಸಂಕಲನವನ್ನು ತಾವೇ ಅಚ್ಚು ಹಾಕಿಸಿ, ಓದುಗರಿಗೆ ತಾವೇ ಅಂಚೆಯಲ್ಲಿ ಕಳಿಸುವ ತಾಲ್ಲೂಕು ಮಟ್ಟದ ಕವಿಗೆ ಅದೇ ಪುಸ್ತಕದಂಗಡಿ. ಅಚ್ಚಿನ ಅವಕಾಶ ಕಡಿಮೆಯಿರುವ ತುಳು, ಕೊಡವ, ಬ್ಯಾರಿ ಭಾಷೆಗಳಲ್ಲಿ ಬರೆಯುವವರಿಗೆ ಓದುಗರನ್ನು ಒಟ್ಟುಗೂಡಿಸುವ ಜಾಗವೂ ಅದೇ. ಇಂಥವರಿಗೆ ಯಮವನ್ನು ಬೋಧಿಸುವ ಅಧಿಕಾರ ಯಾರಿಗೂ ಇಲ್ಲ.

ವಾಟ್ಸ್‌ಆ್ಯಪ್‌ನ ಸಂಗತಿ ಇನ್ನಷ್ಟು ಜಟಿಲ. ಮಗುವಿನ ತರಗತಿಯ ಸೂಚನೆ, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್, ಮದುವೆಯ ಲಗ್ನಪತ್ರಿಕೆ, ದೂರದೇಶದಲ್ಲಿರುವ ಮಗಳ ಮುಖ ಎಲ್ಲವೂ ಅಲ್ಲಿವೆ. 2022ರ ನವೆಂಬರ್ 1ರಿಂದ ನಮ್ಮ ಮೆಟ್ರೊ ಟಿಕೆಟ್ ಕೂಡ ಅಲ್ಲಿ ಸಿಗುತ್ತದೆ. ಇದನ್ನು ರೀಲ್ಸ್ ನೋಡುವ ಚಾಳಿಯ ಸಾಲಿಗೆ ಸೇರಿಸಿ ‘ಬಿಟ್ಟುಬಿಡಿ’ ಎನ್ನುವುದು ವಿವೇಚನೆಯಿಲ್ಲದ ಮಾತು. ಪತ್ರವ್ಯವಹಾರಕ್ಕೂ ಪ್ರದರ್ಶನಕ್ಕೂ ಇರುವ ಗೆರೆಯನ್ನು ಮೊದಲು ಎಳೆದುಕೊಳ್ಳಬೇಕು. ಬಂದ ಮಾತಿಗೆ ಉತ್ತರಿಸುವುದು ಒಂದು. ಯಾರು ತೋರಿಸುತ್ತಿದ್ದಾರೆಂದು ತಿಳಿಯದ, ಕೊನೆಯೂ ಇಲ್ಲದ ಸಾಲನ್ನು ಬೆರಳಿನಿಂದ ಸರಿಸುತ್ತ ಕೂರುವುದು ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ‘ಶಟ್’ ಕ್ಲಿನಿಕ್ ಕೂಡ ತಂತ್ರಜ್ಞಾನದ ಆರೋಗ್ಯಕರ ಬಳಕೆಯನ್ನು ತನ್ನ ಗುರಿಯಾಗಿ ಇಟ್ಟುಕೊಂಡಿದೆ, ಸಂಪೂರ್ಣ ವರ್ಜನೆಯನ್ನಲ್ಲ.

ಗೆರೆ ಎಳೆದ ಮೇಲೆ ಅದನ್ನು ಮೀರುವ ಕಳ್ಳದಾರಿಗಳ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಶ್ರಾವಕಾಚಾರ ಇಲ್ಲಿ ಬೆರಗಾಗುವಷ್ಟು ಹತ್ತಿರ ಬರುತ್ತದೆ. ಗೊತ್ತಾದ ಅವಧಿಗೆ ಗೊತ್ತಾದ ಎಲ್ಲೆಯೊಳಗೇ ಇರುವ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ: ಎಲ್ಲೆಯಾಚೆಯಿಂದ ವಸ್ತು ತರಿಸಿಕೊಳ್ಳುವುದು, ಆಳನ್ನು ಆಚೆ ಕಳಿಸುವುದು, ದನಿ ಮಾಡಿ ಆಚೆಯವರನ್ನು ಕರೆಯುವುದು, ತನ್ನ ರೂಪ ತೋರಿಸಿ ಸನ್ನೆ ಮಾಡುವುದು, ಏನಾದರೂ ಎಸೆದು ಗಮನ ಸೆಳೆಯುವುದು. ದೇಹ ಎಲ್ಲೆ ದಾಟಿಲ್ಲ, ವ್ರತ ಮುಕ್ಕಾಗಿದೆ. ಖಾತೆ ಮುಚ್ಚಿದ ಮೇಲೆ ಹೆಂಡತಿಯ ಫೋನಿನಲ್ಲಿ ಇಣುಕುವುದು, ಗೆಳೆಯರಿಂದ ಸ್ಕ್ರೀನ್‌ಶಾಟ್ ತರಿಸಿಕೊಳ್ಳುವುದು, ಬಿಟ್ಟೆನೆಂಬ ಘೋಷಣೆಗೆ ಬಂದ ಪ್ರತಿಕ್ರಿಯೆಗಳನ್ನು ಎಣಿಸುವುದು, ಇವೆಲ್ಲ ಅದೇ ಕುಲದವು. ಆ ಪರಂಪರೆ ಅತಿಚಾರವನ್ನು ವ್ರತಭಂಗವೆಂದು ಕೈಬಿಡುವುದಿಲ್ಲ, ತಿದ್ದಿಕೊಳ್ಳಬೇಕಾದ ದೋಷವೆಂದು ಗುರುತಿಸುತ್ತದೆ. ಒಂದು ದಿನ ಜಾರಿದ್ದಕ್ಕೆ ಇಡೀ ನಿಯಮವನ್ನೇ ಕೈಚೆಲ್ಲುವವರಿಗೆ ಇದಕ್ಕಿಂತ ಹಿತವಾದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಾನೂನಿನ ಮುಖವೊಂದಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಆಗಬೇಕು ಎನ್ನುತ್ತದೆ. ದತ್ತಾಂಶ ಅಳಿಸುವಂತೆ ಕೇಳುವ ಹಕ್ಕನ್ನೂ ಕೊಡುತ್ತದೆ. ನಿಮಿಷದಲ್ಲಿ ತೆರೆಯುವ ಖಾತೆಯನ್ನು ಮುಚ್ಚಲು ತಿಂಗಳು ಹಿಡಿಯುವ ಏರ್ಪಾಡನ್ನು ಈ ತತ್ತ್ವದ ಬೆಳಕಿನಲ್ಲಿ ಪ್ರಶ್ನಿಸಬೇಕು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ತೋರಿಸಿದಂತೆ, ಕೆಡುತ್ತಿರುವ ಸಂಸ್ಥೆಯ ಎದುರು ಜನರಿಗಿರುವ ದಾರಿಗಳು ನಿರ್ಗಮನ ಮತ್ತು ದನಿ. ಎಲ್ಲರೂ ನಿರ್ಗಮಿಸಲಾರರು. ಉಳಿಯಲೇಬೇಕಾದವರ ಪರವಾಗಿ ಹೊರಟವರೂ ದನಿಯೆತ್ತಬೇಕಾದ ಕಡೆ ಇದು.

ಇಷ್ಟರಿಂದ ನಾನು ತಲುಪುವ ನಿಲುವನ್ನು ನೇರವಾಗಿ ಹೇಳುತ್ತೇನೆ. ಮಾಸದ ಅಥವಾ ಋತುವಿನ ನಿಯಮ ಮುಗಿದ ದಿನ, ಹೊರಗಿದ್ದಾಗ ಯಾವ ಮನುಷ್ಯ ಸಂಬಂಧ ಸೊರಗಿತು, ಯಾವ ದುಡಿಮೆ ನಿಂತಿತು ಎಂದು ನೋಡಿಕೊಳ್ಳಬೇಕು. ಹೆಸರಿಟ್ಟು ಹೇಳಬಲ್ಲ ನಷ್ಟವಿದ್ದರೆ ಆ ಕೆಲಸಕ್ಕೆ ಬೇಕಾದಷ್ಟೇ ಮರಳುವುದು ನ್ಯಾಯ. ಉಳಿದದ್ದು ಹಿಂದುಳಿಯುವ ಭಯವೊಂದೇ ಆದರೆ ಆಗ ಯಮಕ್ಕೆ ಕಾಲ ಪಕ್ವವಾಗಿದೆ, ಖಾತೆಯನ್ನು ಅಳಿಸಬಹುದು.

ನಮ್ಮ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮನಶ್ಶಾಸ್ತ್ರ ವಿಭಾಗಗಳಲ್ಲಿ ಒಂದು ಕೋರಿಕೆ. ಮೇಲಿನ ಪ್ರಯೋಗಗಳೆಲ್ಲ ಹೊರನಾಡಿನವು, ಹೆಚ್ಚಿನವು ಒಬ್ಬೊಬ್ಬರನ್ನೇ ಬೇರ್ಪಡಿಸಿ ನೋಡಿದವು. ಧಾರವಾಡದ್ದೋ ಮೈಸೂರಿನದ್ದೋ ಒಂದು ಹಾಸ್ಟೆಲ್, ಒಪ್ಪಿದವರೆಲ್ಲ ಒಟ್ಟಾಗಿ, ಒಂದು ತಿಂಗಳು ಇನ್‌ಸ್ಟಾಗ್ರಾಮ್ ಬಿಟ್ಟು ನೋಡಲಿ. ಪಕ್ಕದ ಹಾಸ್ಟೆಲಿನಲ್ಲಿ ಅದೇ ತಿಂಗಳು ಚದುರಿದಂತೆ ಕೆಲವರಷ್ಟೇ ಬಿಡಲಿ. ಎರಡರ ಫಲವನ್ನೂ ಅಳೆದು ಕನ್ನಡದಲ್ಲಿ ಪ್ರಕಟಿಸಿ.