ಶ್ರುತಿಪೆಟ್ಟಿಗೆಯ ಪರ ಮತ್ತು ವಿರೋಧ

ಶ್ರುತಿ ತಾಯಿ, ಲಯ ತಂದೆ ಎಂದು ಸಂಗೀತ ಬಲ್ಲ ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆಧಾರ ಷಡ್ಜವಿಲ್ಲದೆ ನಮ್ಮ ಸಂಗೀತ ನಿಲ್ಲಲಾರದು. ಆದರೆ ಆ ಆಧಾರವನ್ನು ಯಾವ ವಾದ್ಯದಿಂದ ಪಡೆಯಬೇಕು ಎಂಬ ವಿಷಯದಲ್ಲಿ ಹಾಡುವವರಲ್ಲಿಯೂ ನುಡಿಸುವವರಲ್ಲಿಯೂ ಇಂದಿಗೂ ಒಮ್ಮತವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮಕ್ಕಳನ್ನು ಸಂಗೀತ ಪಾಠಕ್ಕೆ ಸೇರಿಸಿ, "ಮೇಷ್ಟ್ರೇ, ಎಲೆಕ್ಟ್ರಾನಿಕ್ ತಂಬೂರಿ ಕೊಳ್ಳಬಹುದೇ? ಒಬ್ಬರು ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಮುಟ್ಟಬೇಡಿ ಎನ್ನುತ್ತಾರೆ" ಎಂದು ಕೇಳುವುದುಂಟು. ನಾನು ಸಂಗೀತ ವಿದ್ವಾಂಸನಲ್ಲ, ಚರಿತ್ರೆ ಪಾಠ ಹೇಳಿದವನು. ಆದ್ದರಿಂದ ಈ ಭಿನ್ನಾಭಿಪ್ರಾಯವು ಹೇಗೆ ಬೆಳೆದು ಬಂತು ಎಂಬುದನ್ನು ಚರಿತ್ರೆಯ ಮೂಲಕವೇ ಹೇಳಲು ಯತ್ನಿಸುತ್ತೇನೆ.

ಮೊದಲು ತಂಬೂರಿಯ ವಿಚಾರ. ಅದಕ್ಕೆ ನಾಲ್ಕೇ ತಂತಿಗಳು. ಮೊದಲನೆಯದು ಮಂದ್ರ ಪಂಚಮ, ನಡುವಣ ಎರಡು ಮಧ್ಯ ಷಡ್ಜ, ಕೊನೆಯ ಹಿತ್ತಾಳೆ ತಂತಿ ಮಂದ್ರ ಷಡ್ಜ. ತಂತಿಗಳು ಹಾಯ್ದುಹೋಗುವ ಕುದುರೆಯ ಮೇಲ್ಮೈ ಅಗಲವಾಗಿ, ತುಸು ಬಾಗಿದಂತಿರುತ್ತದೆ. ಅಲ್ಲಿ ತಂತಿಯ ಅಡಿಗೆ ಜೀವಾಳ ಎಂಬ ಸಣ್ಣ ದಾರವನ್ನು ಇಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಒಂದೇ ತಂತಿಯಿಂದ ಹತ್ತಾರು ಉಪಸ್ವರಗಳು ಜೇನ್ನೊಣದ ಝೇಂಕಾರದಂತೆ ಎದ್ದುಬರುತ್ತವೆ. ಸರಿಯಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದಲ್ಲಿ ಯಾರೂ ಮೀಟದ ಗಾಂಧಾರವು ತಾನಾಗಿ ಕೇಳಿಸುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಈ ಗುಣವನ್ನು ಕುರಿತು ಬರೆದರು. ಸಾಧಾರಣ ತಂತಿಯಲ್ಲಿ, ಮೀಟಿದ ಸ್ಥಾನಕ್ಕೆ ಅನುಗುಣವಾಗಿ ಕೆಲವು ಉಪಸ್ವರಗಳು ಹುಟ್ಟಲಾರವು. ನಮ್ಮ ವಾದ್ಯಗಳಲ್ಲಿ ಅವೂ ಹುಟ್ಟುತ್ತವೆ, ಅದಕ್ಕೆ ಕಾರಣ ಕುದುರೆಯ ಆ ಬಾಗು ಎಂಬುದನ್ನು ಅವರು ತೋರಿಸಿದರು. ಹೆಸರಿಲ್ಲದ ಬಡಗಿಗಳು ಎಷ್ಟೋ ಕಾಲದಿಂದ ಕೈಯಲ್ಲಿ ಮಾಡಿಕೊಂಡು ಬಂದದ್ದಕ್ಕೆ ವಿಜ್ಞಾನವು ಕೊಟ್ಟ ಮನ್ನಣೆ ಅದು.

ಇಂಥ ತಂಬೂರಿ ಮೀರಜಿನಿಂದಲೋ ತಂಜಾವೂರಿನಿಂದಲೋ ಬರಬೇಕು. ಮೀರಜಿನದಕ್ಕೆ ಸೋರೆ ಬುರುಡೆ, ತಂಜಾವೂರಿನದಕ್ಕೆ ಹಲಸಿನ ಮರ. ಎರಡೂ ಬೆಲೆಯುಳ್ಳವು, ಎರಡೂ ನಾಜೂಕು. ಬಸ್ಸಿನಲ್ಲಿ ಒಮ್ಮೆ ಯಾರದೋ ಮೊಣಕೈ ತಗುಲಿದರೆ ಬುರುಡೆ ಬಿರುಕು ಬಿಟ್ಟಿತೆಂದೇ ಲೆಕ್ಕ. ಕೊಬ್ಬರಿಯ ಧಾರಣೆ ನೋಡಿಕೊಂಡು ಮಗಳ ಮದುವೆ ನಿಶ್ಚಯಿಸುವ ನಮ್ಮ ತಿಪಟೂರು ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ಅದು ಇದ್ದೀತು? ಹಾಗೆಂದು ಹಾಲ್ಕುರಿಕೆಯಂತಹ ಊರುಗಳಲ್ಲಿ ಶ್ರುತಿ ಇರಲಿಲ್ಲವೆಂದಲ್ಲ. ತತ್ವಪದ ಹಾಡುವವರ ಹೆಗಲ ಮೇಲೆ ಏಕತಾರಿ ಇತ್ತು. ವಾಲಗದವರ ಜೊತೆಯಲ್ಲಿ ಒತ್ತು ಊದುವ ಹುಡುಗನಿದ್ದನು. ಸ್ವರ ನುಡಿಸದೆ, ಉಸಿರು ಕಡಿಯದೆ, ಕೆನ್ನೆ ಉಬ್ಬಿಸಿಕೊಂಡು ಧಾರೆಯ ಹೊತ್ತು ಮುಗಿಯುವವರೆಗೆ ಒಂದೇ ಷಡ್ಜವನ್ನು ಹಿಡಿದು ನಿಲ್ಲುವುದು ಅವನ ಕೆಲಸ. ಊಟದ ಪಂಕ್ತಿಯಲ್ಲಿ ಅವನನ್ನು ಕೊನೆಗೆ ಕರೆಯುತ್ತಿದ್ದರು. ಆದರೆ ಅವನಿಲ್ಲದೆ ನಾಗಸ್ವರ ಏಳುತ್ತಿರಲಿಲ್ಲ.

ಮೊದಲ ಬದಲಾವಣೆ ತಂದದ್ದು ಕೈಯಿಂದ ತಿದಿಯೊತ್ತುವ ಶ್ರುತಿಪೆಟ್ಟಿಗೆ. ಅದು ಹಾರ್ಮೋನಿಯಂನ ತಮ್ಮ. ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಅಲೆಕ್ಸಾಂಡ್ರ್ ದಬೆನ್ ಎಂಬಾತನು 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದನು. ಅದು ಭಾರತಕ್ಕೆ ಬಂದು, ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿಯೊತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಪೆಟ್ಟಿಗೆಯಾಯಿತು. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರ (1891–1972) ಕಂಪನಿಯ ನಾಟಕಗಳನ್ನಾಗಲಿ, ನಮ್ಮೂರುಗಳ ಕುರುಕ್ಷೇತ್ರ ನಾಟಕವನ್ನಾಗಲಿ ಹಾರ್ಮೋನಿಯಂ ಇಲ್ಲದೆ ಊಹಿಸಲಾದೀತೇ? ವಿದ್ವಾಂಸರು ಮಾತ್ರ ಅದನ್ನು ಒಪ್ಪಲಿಲ್ಲ. ಗಮಕ ಹೊರಡುವುದಿಲ್ಲ, ಸ್ವರಸ್ಥಾನಗಳು ನಮ್ಮವಲ್ಲ ಎಂಬುದು ಅವರ ಆಕ್ಷೇಪ. ರವೀಂದ್ರನಾಥ ಠಾಕೂರರೂ ವಿರೋಧಿಗಳ ಪಾಳೆಯದಲ್ಲಿದ್ದರು. 1940ರ ಮಾರ್ಚ್ 1ರಿಂದ ಆಕಾಶವಾಣಿಯು ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆ ನಿಷೇಧವು ಸಡಿಲಗೊಂಡದ್ದು 1971ರಲ್ಲಿ, ಮೂರು ದಶಕಗಳ ಬಳಿಕ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಾರ್ಮೋನಿಯಂ ಅನ್ನು ದೂರವಿಟ್ಟ ಕರ್ನಾಟಕ ಸಂಗೀತದವರು ಅದರದೇ ಹಿತ್ತಾಳೆ ರೀಡುಗಳಿದ್ದ ಶ್ರುತಿಪೆಟ್ಟಿಗೆಯನ್ನು ಬೇಡವೆನ್ನಲಿಲ್ಲ. ಅದಕ್ಕೆ ಕಾರಣವೂ ಉಂಟು. ಶ್ರುತಿಪೆಟ್ಟಿಗೆಯು ರಾಗ ನುಡಿಸುವುದಿಲ್ಲ. ಷಡ್ಜ ಪಂಚಮಗಳನ್ನು ಹಿಡಿದುಕೊಡುವುದಷ್ಟೇ ಅದರ ಕೆಲಸ. ಆದ್ದರಿಂದ ಗಮಕದ ಜಗಳ ಅಲ್ಲಿ ಏಳುವುದೇ ಇಲ್ಲ. ಹರಿಕಥೆಯ ದಾಸರು ಕೈಚೀಲದೊಡನೆ ಒಯ್ಯಬಹುದಾದ, ತಂತಿ ಕಡಿಯದ, ಬುರುಡೆ ಒಡೆಯದ ವಸ್ತು ಅದು. ತಂಬೂರಿಯ ಝೇಂಕಾರ ಅದರಲ್ಲಿ ಇಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೂ ಕೆಲಸ ನಡೆಯುತ್ತಿತ್ತು.

ಎರಡನೆಯ ಬದಲಾವಣೆ ನಮ್ಮ ಬೆಂಗಳೂರಿನಲ್ಲಿಯೇ ಆಯಿತು. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುತ್ತಿನಿಂದ ನಡೆಯುವ ಶ್ರುತಿವಾದ್ಯವನ್ನು ಬೆಳಕಿಗೆ ತಂದರು. ಅವರ ರೇಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಗಳು, ತಬಲಾದ ಠೇಕಾ ನುಡಿಸುವ ತಾಲಮಾಲಾ ಮುಂತಾದವು ಕಾಲಕ್ರಮದಲ್ಲಿ ದೇಶವಿದೇಶಗಳ ಮನೆಗಳನ್ನು ಸೇರಿದವು. ಬೆಲೆಯಲ್ಲಿ ಅದು ಮಧ್ಯಮವರ್ಗದ್ದು. ಕೈ ಶ್ರುತಿಪೆಟ್ಟಿಗೆಗಿಂತ ಮೇಲು, ಒಳ್ಳೆಯ ಮೀರಜ್ ತಂಬೂರಿಗಿಂತ ಬಹಳ ಕಡಿಮೆ. ಮಧ್ಯಮ ಬೆಲೆಯ ವಸ್ತುವಿಗೆ ಎರಡೂ ಕಡೆಯಿಂದ ಮಾತು ಕೇಳುವ ಯೋಗವಿರುತ್ತದೆ. ಬಡವನಿಗೆ ಅದು ದುಬಾರಿ, ಪಂಡಿತನಿಗೆ ಅದು ಅಗ್ಗದ್ದು.

ಹೊಗಳುವವರ ವಾದವನ್ನು ಮೊದಲು ಕೇಳೋಣ. ಒಂದೂವರೆ ಮನೆಯಿಂದ ಐದೂವರೆ ಮನೆಗೆ ಬೇಕಾದರೆ ಒಂದು ತಿರುಪು ತಿರುಗಿಸಿದರೆ ಸಾಕು. ಮಳೆಗಾಲವಾಗಲಿ ಬೇಸಗೆಯಾಗಲಿ ತಂತಿ ಸಡಿಲವಾಗುವ ಚಿಂತೆಯಿಲ್ಲ. ವೀಣೆ, ಪಿಟೀಲು, ಕೊಳಲು ನುಡಿಸುವವರಿಗೆ ಎರಡೂ ಕೈಗಳು ವಾದ್ಯದ ಮೇಲೆಯೇ ಇರುವುದರಿಂದ, ಶ್ರುತಿ ಹಾಕಲು ಇನ್ನೊಬ್ಬರು ಬೇಕಾಗಿತ್ತು. ಆ ತೊಂದರೆ ತಪ್ಪಿತು. ಮನೆಗೆಲಸ ಮುಗಿಸಿ ಮಧ್ಯಾಹ್ನದ ಒಂದು ಗಂಟೆ ಒಬ್ಬಳೇ ಕುಳಿತು ಸಾಧನೆ ಮಾಡುವ ಗೃಹಿಣಿಗೆ ಅದು ಜೊತೆಗಾತಿಯಾಯಿತು. ವಿದ್ಯುತ್ ಕಡಿತಕ್ಕೆ ಹೆಸರಾಗಿದ್ದ ನಮ್ಮ ಹಳ್ಳಿಗಳಲ್ಲಿ ಬ್ಯಾಟರಿಯ ಮೇಲೂ ನಡೆಯುವ ಮಾದರಿಗಳೇ ಬೇಕಾಗಿದ್ದವು ಎಂಬುದು ಬೇರೆ ಮಾತು.

ವಿರೋಧಿಸುವವರ ಮೊದಲ ಮಾತು ನಾದವನ್ನು ಕುರಿತದ್ದು. ತಂಬೂರಿಯನ್ನು ಮೀಟುವ ಬೆರಳು ಪ್ರತಿ ಸಲವೂ ಒಂದೇ ರೀತಿ ಮೀಟುವುದಿಲ್ಲ. ಆ ಸಣ್ಣ ವ್ಯತ್ಯಾಸದಲ್ಲಿಯೇ ಅದರ ಜೀವವಿದೆ. ಯಂತ್ರವು ಒಂದೇ ಆವರ್ತವನ್ನು ಮತ್ತೆ ಮತ್ತೆ ಹೇಳುತ್ತದೆ. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್ಪಿನಲ್ಲಿ ಅಡಗಿಸಿಟ್ಟ ಮಾದರಿಗಳು ಬಂದ ಮೇಲೆ ಈ ದೂರು ತಗ್ಗಿತು, ಇಲ್ಲವಾಗಲಿಲ್ಲ. ಅಂಗೈಯಗಲದ ಸ್ಪೀಕರಿನಿಂದ ಮಂದ್ರ ಷಡ್ಜದ ಗಾಂಭೀರ್ಯ ಬರುವುದು ಕಷ್ಟ.

ಎರಡನೆಯ ಮಾತು ಇನ್ನೂ ಗಂಭೀರವಾದದ್ದು. ತಂಬೂರಿಯನ್ನು ಶ್ರುತಿಗೂಡಿಸುವುದೇ ಒಂದು ವಿದ್ಯೆ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು (1924–1992) ತಂಬೂರಿ ಕೂಡಿಸುವುದರಲ್ಲಿ ತೋರುತ್ತಿದ್ದ ಶ್ರದ್ಧೆ ಸಂಗೀತ ಲೋಕದಲ್ಲಿ ಪ್ರಸಿದ್ಧವಾದದ್ದು. ಆ ಕೆಲಸದಲ್ಲಿ ಕಿವಿ ಹರಿತವಾಗುತ್ತದೆ. ಗುಂಡಿ ಒತ್ತಿದೊಡನೆ ಷಡ್ಜ ಸಿದ್ಧವಾಗಿ ಬಂದರೆ ಹುಡುಗನ ಕಿವಿಗೆ ಹುಡುಕುವ ಕೆಲಸವೇ ಇರುವುದಿಲ್ಲ. ಕ್ಯಾಲ್ಕುಲೇಟರ್ ಬಂದ ಮೇಲೆ ಮಗ್ಗಿ ಮರೆತ ಮಕ್ಕಳನ್ನು ಕಂಡ ನನಗೆ ಈ ವಾದವು ಸುಲಭವಾಗಿ ಅರ್ಥವಾಗುತ್ತದೆ.

ಮೂರನೆಯದನ್ನು ಆಡುವವರು ಕಡಿಮೆ. ನನಗೆ ಮಾತ್ರ ಅದೇ ಮುಖ್ಯವೆಂದು ತೋರುತ್ತದೆ. ಕಛೇರಿಯಲ್ಲಿ ಗಾಯಕರ ಬೆನ್ನ ಹಿಂದೆ ತಂಬೂರಿ ಹಿಡಿದು ಕೂರುವ ಜಾಗ ಶಿಷ್ಯರದು. ಗಂಗೂಬಾಯಿ ಹಾನಗಲ್ಲರ ಹಿಂದೆ ಅವರ ಮಗಳು ಕೃಷ್ಣಾ ಹಾನಗಲ್ ಕುಳಿತು ದನಿಗೂಡಿಸುತ್ತಿದ್ದುದನ್ನು ಕಂಡವರು ಅನೇಕರಿದ್ದಾರೆ. ಗುರುಗಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಸಭೆ ಕೈಬಿಟ್ಟಾಗ ಅದನ್ನು ಹೇಗೆ ಹಿಡಿಯುತ್ತಾರೆ ಎಂಬುದು ಪಾಠದ ಕೋಣೆಯಲ್ಲಿ ಕಲಿಯುವ ವಿಷಯವಲ್ಲ. ಆ ಜಾಗದಲ್ಲಿ ಕುಳಿತವರಿಗೆ ಅದು ತಾನಾಗಿ ಬರುತ್ತದೆ. ಅಲ್ಲಿ ಪೆಟ್ಟಿಗೆ ಬಂದು ಕುಳಿತಾಗ ವೇದಿಕೆಯ ಮೇಲಿನ ಒಂದು ತರಗತಿಯೇ ಮುಚ್ಚಿತು. ಒತ್ತು ಊದುವ ಹುಡುಗನ ಕಥೆಯೂ ಅದೇ. ಇಂದಿನ ಮದುವೆಗಳಲ್ಲಿ ವಾಲಗದವರ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಕೂತಿರುವುದನ್ನು ನೀವೂ ನೋಡಿದ್ದೀರಿ. ಆ ಹುಡುಗನ ದಿನಗೂಲಿ ಹೋಯಿತು ಎಂಬುದು ಒಂದು ನಷ್ಟ. ಒತ್ತು ಹಿಡಿಯುತ್ತಲೇ ನಾಗಸ್ವರ ಕಲಿಯುವ ದಾರಿ ಮುಚ್ಚಿತು ಎಂಬುದು ಅದಕ್ಕಿಂತ ದೊಡ್ಡ ನಷ್ಟ.

ಹೊಸ ವಾದ್ಯಕ್ಕೆ ಆಕ್ಷೇಪ ಬರುವುದು ನಮ್ಮಲ್ಲಿ ಹೊಸದಲ್ಲ. ಮೈಸೂರು ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದಾಗಲೂ ಎರಡು ಅಭಿಪ್ರಾಯಗಳಿದ್ದವು. ಮೈಕು ಸಾರ್ವತ್ರಿಕವಾಗಿಲ್ಲದ ಆ ದಿನಗಳಲ್ಲಿ ದೊಡ್ಡ ಸಭೆಗೆ ನಾದ ಮುಟ್ಟಿಸಲು ಅವರು ಕಂಡುಕೊಂಡ ಉಪಾಯ ಅದು. ಆದರೆ ಚೌಡಯ್ಯನವರ ಪಿಟೀಲು ನುಡಿಸಲು ಇನ್ನೂ ಹೆಚ್ಚಿನ ಸಾಧನೆ ಬೇಕಾಗಿತ್ತು. ಶ್ರುತಿಪೆಟ್ಟಿಗೆಯು ಸಾಧನೆಯ ಒಂದು ಭಾಗವನ್ನು ನಮ್ಮಿಂದ ತೆಗೆದುಕೊಳ್ಳುತ್ತದೆ. ಈ ಭೇದವನ್ನು ಮರೆತು ಹೊಸದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈಗ ಮೂರನೆಯ ಬದಲಾವಣೆಯೂ ಆಗಿದೆ. ಮೊಬೈಲ್ ಫೋನಿನಲ್ಲಿಯೇ ತಂಬೂರಿ ಸಿಗುತ್ತದೆ, ಹಲವು ಉಚಿತ. ಒಂದು ಕಾಲಕ್ಕೆ ಪೆಟ್ಟಿಗೆಯನ್ನು ಹಳಿದವರು ಇಂದು "ಫೋನಿಗಿಂತ ಆ ಪೆಟ್ಟಿಗೆಯೇ ವಾಸಿ" ಎನ್ನುತ್ತಿರುವುದನ್ನು ಕೇಳುತ್ತಿದ್ದೇನೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪೆಟ್ಟಿಗೆ ಶ್ರುತಿಯನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ. ಸಾಧನೆಯ ನಡುವೆ ಅದಕ್ಕೆ ಕರೆ ಬರುವುದಿಲ್ಲ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು. ಮನೆಯ ಸಾಧನೆಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಂಕೋಚವಿಲ್ಲದೆ ಕೊಳ್ಳಿ. ಶ್ರುತಿಯೇ ಇಲ್ಲದೆ ಹಾಡುವುದಕ್ಕಿಂತ ಅದು ಎಷ್ಟೋ ಮೇಲು. ಅದರೊಡನೆ, ಗುರುಗಳ ಮನೆಯಲ್ಲಿ ನಿಜವಾದ ತಂಬೂರಿ ಇದ್ದರೆ, ವಾರಕ್ಕೊಮ್ಮೆ ಮಗುವು ಪಾಠಕ್ಕಿಂತ ಹದಿನೈದು ನಿಮಿಷ ಮೊದಲೇ ಹೋಗಿ ಅದನ್ನು ಶ್ರುತಿಗೂಡಿಸಲು ಅನುಮತಿ ಬೇಡಲಿ. ಮೊದಲ ತಿಂಗಳು ತಂತಿ ಕಡಿಯಬಹುದು. ತಂತಿಯ ಖರ್ಚನ್ನು ನೀವು ಕೊಡಿ. ಗುರುಗಳು ಕಛೇರಿಗೆ ಹೊರಟಾಗ ಹಿಂದೆ ತಂಬೂರಿ ಹಿಡಿಯಲು ಶಿಷ್ಯರು ಬೇಕೇ ಎಂದೂ ಕೇಳಿ ನೋಡಿ. ಬೇಕು ಎಂದರೆ ಶಾಲೆಗೆ ಒಂದು ದಿನ ರಜೆ ಹಾಕಿಸಿಯಾದರೂ ಮಗುವನ್ನು ಕಳುಹಿಸಿ, ಮೇಷ್ಟ್ರಾಗಿದ್ದವನೇ ಹೇಳುತ್ತಿದ್ದೇನೆ.